ದುರ್ಯೋಧನನಿಗೆ ಲೈಸೆನ್ಸ್ ಇರಲಿಲ್ಲ

ಕೋಲಾರದಲ್ಲಿ ನಮ್ಮದು ಹಳೇ ಬಡಾವಣೆ. ಇಲ್ಲಿ ಯಾರ ಮನೆಗೆ ಏನು ಹೊಸದಾಗಿ ಬಂದರೂ ಅದರ ಬೆಲೆ, ಬಿಲ್ಲು, ವಾರಂಟಿ ಮೂರೂ ಮೊದಲು ಗೊತ್ತಾಗುವುದು ಪಕ್ಕದ ಮನೆಯವರಿಗೆ. ಕಾಂಪೌಂಡ್ ಗೋಡೆಯನ್ನು ಎದೆಮಟ್ಟಕ್ಕೆ ನಿಲ್ಲಿಸಿರುವುದೇ ಅದಕ್ಕೆ. ಆಳೆತ್ತರ ಕಟ್ಟಿಸಿದವರ ಬಗ್ಗೆ ಬೀದಿಯವರು ಬರೀ ಊಹೆಯ ಮೇಲೆ ಮಾತಾಡಬೇಕಾಗುತ್ತದೆ. ಅದು ಅವರಿಗೇ ನಷ್ಟ.

ಹಾಗಾಗಿ ನಾನು ಹೊಸದಾಗಿ ತರಿಸಿದ ಬೋರ್ಡನ್ನು ಡಬ್ಬಿಯಿಂದ ತೆಗೆದು ಬಿಸಿಲಿಗೆ ಹಿಡಿದು ನೋಡುತ್ತಿದ್ದಾಗ ಪಕ್ಕದ ಮನೆ ಮೇಷ್ಟ್ರ ಮೊಣಕೈ ಗೋಡೆಯ ಮೇಲೆ ಬಂದೇ ಬಂತು.

"ಏನಯ್ಯಾ ಅದು, ರೇಡಿಯೋ ಬಿಚ್ಚಿಬಿಟ್ಯಾ?"

"ಕಂಪ್ಯೂಟರ್ ಸಾರ್."

"ಇಷ್ಟೇನಾ? ಮಿಕ್ಕಿದ್ದು ನಾಳೆ ಬರುತ್ತಾ?"

ಮಿಕ್ಕಿದ್ದೇನೂ ಇಲ್ಲ, ಪೂರ್ತಿ ಇದೇ ಎಂದೆ. ಎಟಿಎಂ ಕಾರ್ಡಿನಷ್ಟು ಅಗಲ. ಒಂದು ಮಗ್ಗುಲಲ್ಲಿ ಯುಎಸ್‌ಬಿ, ನೆಟ್‌ವರ್ಕಿನ ತೂತು. ಇನ್ನೊಂದು ಮಗ್ಗುಲಲ್ಲಿ ಟಿವಿಗೆ ಹೋಗುವ ಎಚ್‌ಡಿಎಂಐ, ಕರೆಂಟಿನ ಪಿನ್ನು. ಹೊಟ್ಟೆಯ ಅಡಿಯಲ್ಲಿ ಮೆಮೊರಿ ಕಾರ್ಡು. ಹೆಸರು ರಾಸ್ಪ್‌ಬೆರಿ ಪೈ. ಕೇಂಬ್ರಿಡ್ಜಿನ ಎಬೆನ್ ಅಪ್ಟನ್ ಎಂಬುವರು ಇನ್ನೂ ಕೆಲವರ ಜೊತೆ ಸೇರಿ ಮಾಡಿದ್ದು. ಮಾರುಕಟ್ಟೆಗೆ ಬಂದದ್ದು 2012ರ ಫೆಬ್ರವರಿ 29ರಂದು, ಬೆಲೆ 35 ಡಾಲರ್. ಮಕ್ಕಳು ಕಡಿಮೆ ದುಡ್ಡಲ್ಲಿ ಪ್ರೋಗ್ರಾಮಿಂಗ್ ಕಲಿಯಲಿ ಎನ್ನುವುದು ಅವರ ಉದ್ದೇಶ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದ ಮೇಷ್ಟ್ರಿಗೆ ಅಷ್ಟು ಕೇಳಿದ್ದೇ ತಡ, ಹಿಡಿದುಕೊಂಡರು.

"ಮಕ್ಕಳಿಗೆ ಪಾಠ ಹೇಳೋಕೆ ಮಾಡಿದ್ದನ್ನ ನೀನು ಸಿನಿಮಾ ನೋಡೋಕೆ ತರಿಸಿದ್ದೀಯ."

"ನಿಮ್ಮ ಸ್ಕೂಲಿಗೆ ಕೊಟ್ಟಿದ್ದ ಟಿವೀಲಿ ಏನು ನೋಡ್ತಾ ಇದ್ರಿ ಸಾರ್?"

"ಕ್ರಿಕೆಟ್ಟು" ಎಂದರು, ನಿಜ ಹೇಳುವ ಅಭ್ಯಾಸದವರು.

ಅಷ್ಟರಲ್ಲಿ ನಮ್ಮ ಮಹಡಿ ಮೇಲೆ ಬಾಡಿಗೆಗಿರುವ ಹುಡುಗಿ ಶಿಫ್ಟ್ ಮುಗಿಸಿ ಬಂದಳು. ನರಸಾಪುರದ ಫೋನ್ ಕಾರ್ಖಾನೆಯಲ್ಲಿ ಕೆಲಸ ಅವಳಿಗೆ. ಐಫೋನ್ ಜೋಡಿಸುವ ಜಾಗ. ಮೊದಲು ವಿಸ್ಟ್ರಾನ್ ಅವರದಾಗಿತ್ತು, ಈಗ ಟಾಟಾದವರದು. "ಬೆಳಗ್ಗೆಯಿಂದ ಇದನ್ನೇ ನೋಡಿ ಬಂದಿದ್ದೀನಿ, ಮನೇಲೂ ಇದೇನಾ ಅಂಕಲ್?" ಎಂದು ನಕ್ಕಳು. ನಮ್ಮ ಮೂವರಲ್ಲಿ ಆ ಬೋರ್ಡನ್ನು ಚಿಪ್ಪುಗಳಿಗೆ ಬೆರಳು ತಾಕದ ಹಾಗೆ, ಅಂಚು ಹಿಡಿದು ಎತ್ತಿದವಳು ಅವಳೊಬ್ಬಳೇ. ತಿರುಗಿಸಿ ನೋಡಿ, ಬೆಸುಗೆ ಚೆನ್ನಾಗಿದೆ ಎಂದು ಸರ್ಟಿಫಿಕೇಟ್ ಕೊಟ್ಟು ಮೆಟ್ಟಿಲು ಹತ್ತಿದಳು. ವೇಲ್ಸ್ ದೇಶದ ಪೆನ್‌ಕೋಯ್ಡ್ ಎಂಬ ಊರಿನ ಸೋನಿ ಕಾರ್ಖಾನೆಯಲ್ಲಿ ಇವು ತಯಾರಾಗುತ್ತವೆ. ಫೋನು ನರಸಾಪುರದಿಂದ ಅಲ್ಲಿಗೆ, ಪೈ ಅಲ್ಲಿಂದ ಕೋಲಾರಕ್ಕೆ. ಲೆಕ್ಕ ಸರಿಹೋಯಿತು ಬಿಡಿ.

"ಅದೆಲ್ಲ ಸರಿ, ಟಿವಿಗೆ ಸಿಗಿಸೋ ಸ್ಟಿಕ್ ಬರುತ್ತಲ್ಲ, ಅದು ಬಿಟ್ಟು ಇದ್ಯಾಕೆ?" ಇದು ಮೇಷ್ಟ್ರ ಮುಂದಿನ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಒಟಿಟಿಯಲ್ಲಿ ಬರುವ ಸಿನಿಮಾ ಸೀರಿಯಲ್ಲು ನೋಡುವುದಷ್ಟೇ ನಿಮ್ಮ ಆಸೆಯಾದರೆ ದಯವಿಟ್ಟು ಸ್ಟಿಕ್ಕೇ ತಗೊಳ್ಳಿ. ಆ ಕಂಪನಿಗಳು ತಾವು ಒಪ್ಪಿದ ಪೆಟ್ಟಿಗೆಯಲ್ಲಿ ಮಾತ್ರ ಬೀಗ ಪೂರ್ತಿ ತೆಗೆಯುತ್ತವೆ. ಪೈನಲ್ಲಿ ಹರಸಾಹಸ ಮಾಡಿ ತೆಗೆಸಿದರೂ ಚಿತ್ರ ಮಂಕು. ಬೋರ್ಡು, ಅಡಾಪ್ಟರು, ಕಾರ್ಡು, ಡಬ್ಬಿ ಎಲ್ಲ ಸೇರಿದರೆ ದುಡ್ಡೂ ಸ್ಟಿಕ್ಕಿಗಿಂತ ಜಾಸ್ತಿ. ನನ್ನ ಕಾರಣ ಬೇರೆ ಇತ್ತು. ಅದು ಬೀರುವಿನ ಮೇಲಿನ ಟ್ರಂಕಿನಲ್ಲಿತ್ತು.

ನಮ್ಮ ಜಿಲ್ಲೆಯ ಯಾವ ಮನೆಯ ಟ್ರಂಕನ್ನು ಬೇಕಾದರೂ ತೆಗೆಯಿರಿ. ಒಂದು ಮದುವೆ ಕ್ಯಾಸೆಟ್ ಇರುತ್ತದೆ, ವಿಸಿಆರ್ ಇರುವುದಿಲ್ಲ. ನಾಮಕರಣದ ಸಿಡಿ ಇರುತ್ತದೆ, ಪ್ಲೇಯರ್ ತಿರುಗುವುದಿಲ್ಲ. ಊರಿನ ಕುರುಕ್ಷೇತ್ರ ನಾಟಕದ ಡಿವಿಡಿ ಇರುತ್ತದೆ, ಅದರ ಮೇಲೆ ಒಂದು ಗೀರೂ ಇರುತ್ತದೆ. ಇವನ್ನು ಯಾವ ಒಟಿಟಿಯವನೂ ತಂದು ತೋರಿಸುವುದಿಲ್ಲ. ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿ, ಟಿವಿ ರಿಮೋಟಿನಲ್ಲಿ ಗುಂಡಿ ಒತ್ತಿದರೆ ಅಜ್ಜಿಯೂ ನೋಡುವ ಹಾಗೆ ಮಾಡುವುದು ಈ ಪುಟ್ಟ ಬೋರ್ಡಿನ ಕೆಲಸ. ಹೊಸ ಸಿನಿಮಾ ಪೆನ್‌ಡ್ರೈವಿನಲ್ಲಿ ತಂದುಕೊಡ್ತೀನಿ ಎಂದು ಬಂದವರಿಗೆ ಕಾಫಿ ಕೊಟ್ಟು ಕಳಿಸಿದ್ದೇನೆ, ಪೆನ್‌ಡ್ರೈವ್ ಸಮೇತ. ಕದ್ದ ಮಾಲು ಎನ್ನುವುದು ಒಂದು. ಅದಕ್ಕೆಲ್ಲ ಜಾಗ ಕೊಟ್ಟರೆ ಮನೆಯವರ ಮುಖ ಎಲ್ಲಿ ಇಡುವುದು ಎನ್ನುವುದು ಇನ್ನೊಂದು.

ಹೀಗೆ ಡಿಸ್ಕಿಗೆ ಇಳಿಸಿದ್ದನ್ನು ಟಿವಿಯಲ್ಲಿ ಚೆಂದವಾಗಿ ಜೋಡಿಸಿ ತೋರಿಸುವ ತಂತ್ರಾಂಶ ಕೋಡಿ. ಮೈಕ್ರೋಸಾಫ್ಟಿನ ಆಟದ ಪೆಟ್ಟಿಗೆ ಎಕ್ಸ್‌ಬಾಕ್ಸ್ ಮೇಲೆ ಸಿನಿಮಾ ನೋಡಬೇಕೆಂದು ಹವ್ಯಾಸಿಗಳು ಕಟ್ಟಿದ್ದು ಅದು. ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್ ಎನ್ನುತ್ತಿದ್ದರು, 2014ರಲ್ಲಿ ಕೋಡಿ ಎಂದು ಹೆಸರು ಬದಲಾಯಿತು. ಪೈಗೆಂದು ಕೋಡಿಯನ್ನೇ ನೇರ ಎಬ್ಬಿಸುವ ಒಂದು ಪುಟ್ಟ ಲಿನಕ್ಸ್ ಇದೆ, ಲಿಬ್ರೆಎಲೆಕ್. ಬೇರೆ ಕಂಪ್ಯೂಟರಿನಲ್ಲಿ ಕಾರ್ಡಿಗೆ ಅದನ್ನು ಬರೆದು, ಬೋರ್ಡಿಗೆ ಸಿಗಿಸಿ, ಕರೆಂಟ್ ಕೊಟ್ಟರೆ ಮೊದಲು ಪರದೆಯ ತುಂಬ ಕಾಮನಬಿಲ್ಲಿನ ಬಣ್ಣದ ಚೌಕ, ಆಮೇಲೆ ಮೆನು. ಟಿವಿಯ ಸೆಟ್ಟಿಂಗಿನಲ್ಲಿ ಸಿಇಸಿ ಎನ್ನುವುದನ್ನು ಆನ್ ಮಾಡಿದರೆ ಅದೇ ಟಿವಿ ರಿಮೋಟಿನ ಬಾಣದ ಗುಂಡಿಗಳೇ ಪೈಗೂ ಸಾಕು. ಹಾಡು ಸಿನಿಮಾ ಹೊರಗಿನ ಡಿಸ್ಕಿನಲ್ಲಿರಲಿ, ಕಾರ್ಡಿನಲ್ಲಿ ಬೇಡ. ಇಷ್ಟೇ. ಇದರಲ್ಲಿ ಕಷ್ಟವೇನಿಲ್ಲ, ಕಷ್ಟ ಎಲ್ಲ ಇದರ ಸುತ್ತ ಇರುತ್ತದೆ.

ಮೊದಲ ಕಷ್ಟ ಮುಳಬಾಗಿಲಿನಿಂದ ಬಂತು. ಮೇಷ್ಟ್ರ ಮಗಳನ್ನು ಕೊಟ್ಟಿರುವುದು ಅಲ್ಲಿ. ನಮ್ಮ ಮನೆಯದನ್ನು ನೋಡಿಹೋದ ಅಳಿಯಂದಿರು ತಾವೂ ಒಂದು ತರಿಸಿ, ಅಡಾಪ್ಟರಿಗೆ ಯಾಕೆ ದುಡ್ಡು ದಂಡ ಎಂದು ಹಳೇ ಮೊಬೈಲ್ ಚಾರ್ಜರಿಗೆ ಸಿಗಿಸಿದ್ದಾರೆ. ಮುಳಬಾಗಿಲು ತಾಲ್ಲೂಕಿನವರಿಗೆ ನಟಿ ಸೌಂದರ್ಯ ಮನೆ ಮಗಳಿದ್ದ ಹಾಗೆ. 2004ರ 'ಆಪ್ತಮಿತ್ರ'ದ ಸಿಡಿ ಅವರಲ್ಲಿತ್ತು, ಅದನ್ನೇ ಮೊದಲು ಇಳಿಸಿದ್ದಾರೆ. ನಾಗವಲ್ಲಿ ಕಣ್ಣು ಅರಳಿಸುವ ಹೊತ್ತಿಗೆ ಸರಿಯಾಗಿ ಟಿವಿ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು. ಮನೆಯವರು ಅದೂ ಸಿನಿಮಾದ್ದೇ ಎಂದುಕೊಂಡರಂತೆ. ಆಮೇಲೆ ಕ್ರಿಕೆಟ್ ಹಾಕಿದರೂ ಮಿಂಚು, ಸುಪ್ರಭಾತ ಹಾಕಿದರೂ ಮಿಂಚು. ಮಗಳ ಫೋನು ಬಂತು: "ಅಪ್ಪಾ, ನಮ್ಮನೆ ಟಿವೀಲಿ ಮೂಲೆಯಲ್ಲಿ ಮಿಂಚ್ತಾ ಐತೆ. ಏನಾದ್ರೂ ಆಗುತ್ತಾ?"

ಆ ಗುರುತು ಬರುವುದು ಬೋರ್ಡಿಗೆ ಸಿಗುವ ವೋಲ್ಟೇಜು 4.63ಕ್ಕಿಂತ ಕೆಳಗಿಳಿದಾಗ ಎಂದು ನಾನು ಹೇಳಿದೆನಷ್ಟೇ. ಮಿಕ್ಕ ಪಾಠ ಮೇಷ್ಟ್ರದು. ಗೋಡೆಯ ಮೇಲೇ ಬೆರಳಲ್ಲಿ ಬರೆಯುತ್ತ ಹೊರಟರು. ಚಾರ್ಜರ್ ಐದು ವೋಲ್ಟೇ ಕೊಡುತ್ತದೆ ಅನ್ನು. ವೈರು ಸಣ್ಣ, ಉದ್ದ. ಹೋಗಿ ಬರುವ ದಾರಿ ಸೇರಿ ರೋಧ ಕಾಲು ಓಮ್ ಅನ್ನು. ಬೋರ್ಡು ಎರಡು ಆಂಪಿಯರ್ ಎಳೆದರೆ ಓಮನ ನಿಯಮದ ಪ್ರಕಾರ ವೈರಿನಲ್ಲೇ ಅರ್ಧ ವೋಲ್ಟ್ ಖೋತಾ. ಬೋರ್ಡಿಗೆ ತಲುಪಿದ್ದು ನಾಲ್ಕೂವರೆ. "ಹತ್ತನೇ ಕ್ಲಾಸಿನ ಲೆಕ್ಕ ಕಣಯ್ಯಾ ಇದು! ಅಳಿಯಂದಿರು ಬಿಇ ಓದವ್ರೆ" ಎಂದು ನಿಟ್ಟುಸಿರುಬಿಟ್ಟರು. ಮಗಳಿಗೆ ಫೋನಿನಲ್ಲಿ ಹೇಳಿದ್ದು ಮಾತ್ರ ಬೇರೆ: "ಅವರ ತಪ್ಪೇನಿಲ್ಲಮ್ಮ, ವೈರು ಕಳಪೆ." ಬೀಗತನ ಎಂದರೆ ಹೀಗಿರಬೇಕು.

ಕರೆಂಟಿನ ಮಾತು ಬಂತು, ಒಂದು ಮಾತು ಹೇಳಿಬಿಡುತ್ತೇನೆ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ತೊಂಬತ್ತೆರಡು ಮೈಲಿ ತಂತಿಯ ಮೇಲೆ ಹರಿದು ಕೆಜಿಎಫ್ ಗಣಿಗೆ ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿ ದೀಪಕ್ಕೆ 1905ರ ತನಕ ಆ ಯೋಗ ಇರಲಿಲ್ಲ. ಅಂಥ ಜಿಲ್ಲೆಯವರು ನಾವು. ಈಗ ಸಂಜೆ ಏಳಕ್ಕೆ ಗಾಳಿ ಸ್ವಲ್ಪ ಜೋರಾಗಿ ಬೀಸಿದರೆ ಬೀದಿಗೆ ಬೀದಿಯೇ ಗಪ್ಪ. ಫ್ಯಾನು, ಮಿಕ್ಸಿಗೆ ಅದು ಏನೂ ಅಲ್ಲ. ಕಾರ್ಡಿಗೆ ಏನೋ ಬರೆಯುತ್ತಿರುವಾಗಲೇ ಕರೆಂಟ್ ಹೋಯಿತೋ, ಬರೆದದ್ದು ಅರ್ಧ, ಬರೆಯದ್ದು ಅರ್ಧ. ಮಾರನೆಯ ದಿನ ಬೋರ್ಡಿನ ಕೆಂಪು ದೀಪ ಉರಿಯುತ್ತದೆ, ಹಸಿರು ದೀಪ ಮಿಟುಕುವುದಿಲ್ಲ. ಲಿಬ್ರೆಎಲೆಕ್‌ನವರು ಇದಕ್ಕೊಂದು ಜಾಣತನ ಮಾಡಿದ್ದಾರೆ. ಮೂಲ ವ್ಯವಸ್ಥೆಯನ್ನೆಲ್ಲ ಓದಲಿಕ್ಕಷ್ಟೇ ಬರುವ, ಬರೆಯಲು ಬಾರದ ಒಂದೇ ಗಂಟಾಗಿ ಕಟ್ಟಿಟ್ಟಿದ್ದಾರೆ. ಕರೆಂಟ್ ಹೋದರೆ ಅದಕ್ಕೆ ಸಾಮಾನ್ಯವಾಗಿ ಏಟಾಗುವುದಿಲ್ಲ. ಏಟು ಬೀಳುವುದು ನಿಮ್ಮ ಪಟ್ಟಿಗೆ, ಎಲ್ಲಿಯ ತನಕ ನೋಡಿದ್ದಿರಿ ಎಂಬ ಲೆಕ್ಕಕ್ಕೆ. ಮನೆಯ ಯುಪಿಎಸ್ ಲೈನಿನಿಂದಲೇ ಟಿವಿಯ ಪಾಯಿಂಟನ್ನೂ ಎಳೆಸಿ. ಪೈ ತಿನ್ನುವುದು ಒಂದು ಪುಟ್ಟ ಎಲ್‌ಇಡಿ ಬಲ್ಬಿನಷ್ಟು, ಬ್ಯಾಟರಿಗೆ ಭಾರವಲ್ಲ. ಕಾರ್ಡಿನದೊಂದು ನಕಲನ್ನೂ ತೆಗೆದಿಡಿ.

ಇನ್ನು ಆ ಕಡೆಯ ಗೋಡೆ. ಅಲ್ಲಿರುವುದು ಅಕ್ಕ. ಮನೆಯಲ್ಲಿ ತೆಲುಗು, ಗೋಡೆ ಹತ್ತಿರ ಕನ್ನಡ, ಕೋಪ ಬಂದರೆ ಎರಡೂ. ಅವರ ಮದುವೆ ಆದದ್ದು ಮಾಲೂರಿನಲ್ಲಿ. ತಂದೆಗೆ ಅಲ್ಲಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದರು. ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದರೆ ಸುರುಳಿಯ ಅಂಚಿಗೆ ಬೆಳ್ಳಗೆ ಬೂಷ್ಟು. ಅಂಥದ್ದನ್ನು ಹಾಗೇ ಹಾಕಿದರೆ ವಿಸಿಆರ್‌ನ ಹೆಡ್ಡೂ ಹಾಳು, ಟೇಪೂ ಹಾಳು. ಹಿಂದೆ ಮದುವೆ ವಿಡಿಯೋ ತೆಗೆಯುತ್ತಿದ್ದ ಪರಿಚಯದವರೊಬ್ಬರು ಅದನ್ನು ಬಿಚ್ಚಿ, ಒರೆಸಿ, ತಮ್ಮ ಹಳೇ ವಿಸಿಆರ್‌ಗೆ ಯುಎಸ್‌ಬಿ ಕ್ಯಾಪ್ಚರ್ ತುಂಡು ಸಿಗಿಸಿ ಇಳಿಸಿಕೊಟ್ಟರು. ಮೂರು ಗಂಟೆಯ ಕ್ಯಾಸೆಟ್ ಇಳಿಯಲು ಮೂರು ಗಂಟೆಯೇ ಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಅಕ್ಕನ ಮನೆಯ ದೊಡ್ಡ ಟಿವಿಯಲ್ಲಿ ಹಾಕಿದಾಗ ಮೊದಲು ಕಂಡದ್ದು ಗೀರು. ಯಾರಾದರೂ ಕೈ ಬೀಸಿದರೆ ಬೆರಳಿನಿಂದ ಬಾಚಣಿಗೆ ಹಲ್ಲು ಹೊರಟ ಹಾಗೆ. ಹಳೇ ಟಿವಿಯ ಪದ್ಧತಿ ಅದು: ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಒಂದೊಂದೂ ಎರಡು ಕಂತಿನಲ್ಲಿ, ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಡಬ್ಬಾ ಟಿವಿ ಆ ಎರಡು ಕಂತನ್ನು ಒಂದಾದ ಮೇಲೊಂದು ತೋರಿಸುತ್ತಿತ್ತು. ಈಗಿನ ಟಿವಿಗೆ ಎರಡನ್ನೂ ಒಟ್ಟಿಗೆ ಕೊಟ್ಟರೆ, ನಡುವೆ ಕೈ ಎಷ್ಟು ಸರಿದಿದೆಯೋ ಅಷ್ಟು ಹಲ್ಲು. ಕೋಡಿಯ ವಿಡಿಯೋ ಸೆಟ್ಟಿಂಗಿನಲ್ಲಿ ಡಿಇಂಟರ್‌ಲೇಸ್ ಎಂದಿದೆ. ಅದನ್ನು ಆನ್ ಮಾಡಿದ ಮೇಲೆ ಬೆರಳುಗಳು ಬೆರಳಾದವು. ಮದುಮಗಳ ಮುಖ ಹೃದಯದ ಆಕಾರದೊಳಗೆ ಗಿರಗಿರನೆ ಸುತ್ತಿ ತಾವರೆ ಹೂವಿನಿಂದ ಮತ್ತೆ ಹೊರಬರುವುದಿತ್ತಲ್ಲ, ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ.

ಅಕ್ಕ ಧಾರೆ ನೋಡಲಿಲ್ಲ, ತಾಳಿ ನೋಡಲಿಲ್ಲ. "ಊಟದ್ದು ಹಾಕು" ಎಂದರು. ಪಂಕ್ತಿಯ ಮೇಲೆ ಕ್ಯಾಮೆರಾ ನಿಧಾನ ಸರಿಯುತ್ತ ಹೋಯಿತು. "ನಿಲ್ಲಿಸು, ನಿಲ್ಲಿಸು!" ನಿಲ್ಲಿಸಿದೆ. ಪರದೆಯ ಮೇಲೆ ಒಬ್ಬ ಹೆಂಗಸು, ಮುಂದೆ ಎಲೆ, ಎಲೆಯ ಬಲಗಡೆ ಒಂದರ ಮೇಲೊಂದು ಎರಡು ಒಬ್ಬಟ್ಟು. ಗಂಡನ ಕಡೆಯ ಚಿಕ್ಕತ್ತೆಯಂತೆ. ಹೆಣ್ಣಿನ ಕಡೆಯವರು ತನಗೆ ಒಬ್ಬಟ್ಟು ಬಡಿಸಲೇ ಇಲ್ಲವೆಂದು ಅಂದಿನಿಂದ ಇಂದಿನವರೆಗೆ ಪ್ರತಿ ಹಬ್ಬದಲ್ಲೂ ಹೇಳಿಕೊಂಡು ಬಂದಿರುವವರು. ಅಕ್ಕ ಫೋನು ತೆಗೆದು ಟಿವಿಯ ಫೋಟೋ ಹೊಡೆದುಕೊಂಡರು. ಒಂದು ಸಲ ಫ್ಲ್ಯಾಶಿನ ಬೆಳಕು ಬಿದ್ದು ಸರಿಯಾಗಿ ಬರಲಿಲ್ಲ ಎಂದು ಇನ್ನೊಂದು ಸಲ ಹೊಡೆದರು. "ತುಪ್ಪಾನೂ ಹಾಕವ್ರೆ ನೋಡು!"

ಫೈಲಿಗೆ ಹೆಸರಿಡುವುದರಲ್ಲೂ ಒಂದು ಹುಷಾರು ಬೇಕು. ಕೋಡಿ ಸಿನಿಮಾದ ಹೆಸರು ನೋಡಿ ಇಂಟರ್ನೆಟ್ಟಿನಿಂದ ಪೋಸ್ಟರು, ಕಥೆ, ನಟರ ಪಟ್ಟಿ ತಾನೇ ತಂದುಕೊಳ್ಳುತ್ತದೆ. ದುಡ್ಡು ಕೊಟ್ಟು ಕೊಂಡ 'ಗಂಧದ ಗುಡಿ'ಯ ಡಿಸ್ಕೊಂದು ಮೇಷ್ಟ್ರಲ್ಲಿತ್ತು, 1973ರದು. ಬರೀ ಹೆಸರು ಕೊಟ್ಟಿದ್ದಕ್ಕೆ ಕೋಡಿ ತಂದದ್ದು 2022ರಲ್ಲಿ ಬಂದ ಪುನೀತ್ ಅವರ ಸಾಕ್ಷ್ಯಚಿತ್ರದ ಪೋಸ್ಟರು. ಅಪ್ಪನ ಸಿನಿಮಾ ಒತ್ತಿದರೆ ಮಗನ ಮುಖ, ಮಗನ ಮುಖ ಒತ್ತಿದರೆ ಅಪ್ಪನ ಹಾಡು. ಹೆಸರಿನ ಮುಂದೆ ಕಂಸದಲ್ಲಿ ವರ್ಷ ಹಾಕಿದರೆ ಸರಿಹೋಗುತ್ತದೆ. ಪೋಸ್ಟರ್ ಬದಲಾಯಿಸೋಣವೇ ಎಂದರೆ ಮೇಷ್ಟ್ರು ಬೇಡವೆಂದರು. "ಇರಲಿ ಬಿಡು, ಒಂದೇ ಮನೆಯವರು."

ಈಗ ಶ್ರೀನಿವಾಸಪುರ. ಇಷ್ಟು ಹೊತ್ತು ಮಾತಾಡಿದ್ದೇ ಇದಕ್ಕೆ.

ಮೇಷ್ಟ್ರ ಅಣ್ಣ ಆ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ. ಮಾವಿನ ತೋಟ; ಬಾದಾಮಿ ನೆಂಟರಿಗೆ, ತೋತಾಪುರಿ ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗೆ. ಮೀಸೆ ಈಗಲೂ ಹಾಗೇ ಇದೆ. ಅವರ ಊರಿನಲ್ಲಿ ಆಡಿದ ಕುರುಕ್ಷೇತ್ರದಲ್ಲಿ ಅವರದು ದುರ್ಯೋಧನ. ನಮ್ಮ ಹಳ್ಳಿಗಳ ನಾಟಕದ ಲೆಕ್ಕ ಗೊತ್ತಿದ್ದವರಿಗೆ ಗೊತ್ತು: ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ, ಪಾತ್ರ ಬೇಕಾದವರು ಪಾತ್ರಕ್ಕೆ ತಕ್ಕಂತೆ ದುಡ್ಡು ಕಟ್ಟುತ್ತಾರೆ. ಕೃಷ್ಣನಿಗೆ, ದುರ್ಯೋಧನನಿಗೆ ಜಾಸ್ತಿ. ಒಂದು ಹಾಡು ಹಾಡಿ ಸಾಯುವವರಿಗೆ ಕಡಿಮೆ. ರಾತ್ರಿ ಶುರುವಾದರೆ ಬೆಳಕು ಹರಿಯುವ ತನಕ. ಅದರ ಡಿವಿಡಿ ಮೂರು ಡಿಸ್ಕಿನಲ್ಲಿ ಅವರ ಬಳಿ ಇತ್ತು, ನೋಡುವುದಕ್ಕೆ ಪ್ಲೇಯರ್ ಇರಲಿಲ್ಲ.

ಕೆಲವು ವರ್ಷದ ಹಿಂದೆ, ಇಂಜಿನಿಯರಿಂಗ್ ಮುಗಿಸಿದ ಅವರ ಮೊಮ್ಮಗ ಕಾಲೇಜಿನ ಪ್ರಾಜೆಕ್ಟಿಗೆಂದು ತಂದಿದ್ದ ಮೊಟ್ಟಮೊದಲ ಮಾದರಿಯ ಪೈ ಒಂದನ್ನು ತೋಟದ ಮನೆಯಲ್ಲಿ ಬಿಟ್ಟುಹೋಗಿದ್ದ. ಅಲ್ಲಿರುವುದು ಡಬ್ಬಾ ಟಿವಿ. ಅದೃಷ್ಟಕ್ಕೆ ಆ ಮಾದರಿಯ ಬೋರ್ಡಿನಲ್ಲಿ ಹಳದಿ ಬಣ್ಣದ ಗುಂಡು ಜಾಕು ಇತ್ತು, ಹಳೇ ವಿಸಿಡಿ ಪ್ಲೇಯರಿನ ಹಳದಿ ವೈರು ಅದಕ್ಕೇ ನೇರ ಕೂತುಕೊಂಡಿತು. ಮೊಮ್ಮಗ ಡಿಸ್ಕಿನಲ್ಲಿದ್ದದ್ದನ್ನು ಹಾಗಾಗೇ ಪೆನ್‌ಡ್ರೈವಿಗೆ ಹಾಕಿ ಕೊಟ್ಟ. ಮನೆ ಮಂದಿ, ತೋಟದ ಆಳುಕಾಳು, ಸಹನಟರಾದ ಇಬ್ಬರು ಪಾಂಡವರು ಎಲ್ಲ ಸೇರಿದರು. ಮೇಷ್ಟ್ರು ಮತ್ತು ನಾನು ಕೋಲಾರದಿಂದ ಹೋಗಿದ್ದೆವು.

ಹಾರ್ಮೋನಿಯಂ ಚೆನ್ನಾಗಿ ಕೇಳಿಸಿತು. ಪರದೆ ಸರಿಯಿತು. ದುರ್ಯೋಧನ ಗದೆ ಎತ್ತಿದ, ಎತ್ತಿದವನು ಎತ್ತಿದಂತೆಯೇ ನಿಂತ. ಹಾಡು ಮುಂದೆ ಹೋಯಿತು. ಪಲ್ಲವಿ ಮುಗಿದು ಚರಣ ಬಂದರೂ ಗದೆ ಮೇಲೇ. ಆಮೇಲೆ ಒಂದೇ ಸಲ ಹಾರಿ ಸಿಂಹಾಸನದಲ್ಲಿ ಕೂತುಬಿಟ್ಟಿದ್ದ. ಪಾಂಡವರಲ್ಲಿ ಒಬ್ಬರು ಕೆಮ್ಮಿದರು. "ಅವತ್ತೂ ಹಿಂಗೇ ಮಾಡ್ದೆ ನೀನು" ಎಂದರು ಇನ್ನೊಬ್ಬರು.

ವಿಷಯ ಏನೆಂದರೆ, ಡಿವಿಡಿಯ ಚಿತ್ರ ಎಂಪೆಗ್-2 ಎಂಬ ಹಳೇ ಪದ್ಧತಿಯದು. ಅದನ್ನು ಬಿಡಿಸುವ ಯಂತ್ರ ಆ ಬೋರ್ಡಿನ ಚಿಪ್ಪಿನೊಳಗೇ ಇತ್ತು, ಆದರೆ ಬೀಗ ಹಾಕಿತ್ತು. ಪೇಟೆಂಟಿನವರಿಗೆ ಶುಲ್ಕ ಕೊಡಬೇಕು. ಎಲ್ಲ ಬೋರ್ಡಿಗೂ ಅದನ್ನು ಸೇರಿಸಿದರೆ 35 ಡಾಲರಿನ ಮಾತು ಉಳಿಯುವುದಿಲ್ಲ. ಹಾಗಾಗಿ ಬೇಕಾದವರು ತಮ್ಮ ಬೋರ್ಡಿನ ಸೀರಿಯಲ್ ನಂಬರ್ ಕೊಟ್ಟು, 2 ಪೌಂಡು 40 ಪೆನ್ಸ್ ಕಟ್ಟಿ, ಆ ಒಂದು ಬೋರ್ಡಿಗಷ್ಟೇ ಹೊಂದುವ ಕೀಲಿ ತರಿಸಿಕೊಳ್ಳಬೇಕಿತ್ತು. ಕೀಲಿ ಇಲ್ಲದಿದ್ದರೆ ಮುಖ್ಯ ಪ್ರೊಸೆಸರೇ ಕೈಯಾರೆ ಬಿಡಿಸಬೇಕು. 700 ಮೆಗಾಹರ್ಟ್ಸಿನ ಒಂಟಿ ಎತ್ತು ಅದು, ಧ್ವನಿ ಎಳೆಯುವಷ್ಟರಲ್ಲೇ ಸುಸ್ತು. ಪೈ 4 ಬರುವ ಹೊತ್ತಿಗೆ ಪ್ರೊಸೆಸರಿಗೇ ಆ ಶಕ್ತಿ ಬಂತು, ಕೀಲಿಯ ರಗಳೆ ಹೋಯಿತು. (ಪೈ 5 ಬೇಕೇ ಎಂದು ಕೇಳುವವರಿಗೆ: ಟಿವಿ ಕೆಲಸಕ್ಕೆ 4 ಧಾರಾಳ. 5ರಲ್ಲಿ ಎಚ್.264 ಎಂಬ ಇನ್ನೊಂದು ವಿಡಿಯೋ ಪದ್ಧತಿಯನ್ನು ಬಿಡಿಸುವ ಯಂತ್ರವನ್ನೇ ತೆಗೆದುಹಾಕಿ ಪ್ರೊಸೆಸರಿನ ತಲೆಗೆ ಕಟ್ಟಿದ್ದಾರೆ, ಆಡಿಯೋ ಜಾಕೂ ಇಲ್ಲ.)

ಇದನ್ನೆಲ್ಲ ಮೊಮ್ಮಗ ತಾತನಿಗೆ ಅರ್ಥವಾಗುವ ಹಾಗೆ ಚುಟುಕಾಗಿ ಹೇಳಿದ: "ತಾತಾ, ಇದು ಓಡಬೇಕು ಅಂದ್ರೆ ಇಂಗ್ಲೆಂಡಿಗೆ ಲೈಸೆನ್ಸ್ ದುಡ್ಡು ಕಟ್ಟಬೇಕು."

ದುರ್ಯೋಧನರು ಎದ್ದು ನಿಂತರು. "ಪಾತ್ರಕ್ಕೆ ದುಡ್ಡು ಕೊಟ್ಟೆ. ಕಿರೀಟಕ್ಕೆ ದುಡ್ಡು ಕೊಟ್ಟೆ. ಡಿವಿಡಿಗೂ ಕೊಟ್ಟೆ. ಈಗ ನನ್ ಮುಖ ನಾನು ನೋಡ್ಕೊಳ್ಳೋಕೆ ಇಂಗ್ಲೆಂಡ್ನೋನಿಗೆ ಯಾಕ್ಲಾ ಕಟ್ಟಬೇಕು?"

ಆ ಮಾತಿಗೆ ಅಲ್ಲಿ ಯಾರ ಬಳಿಯೂ ಜವಾಬಿರಲಿಲ್ಲ. ಕಟ್ಟಲೂ ಇಲ್ಲ. ಎಚ್.264ರ ಲೈಸೆನ್ಸು ಬೋರ್ಡಿನ ಬೆಲೆಯಲ್ಲೇ ಸೇರಿತ್ತು; ಹುಡುಗ ಲ್ಯಾಪ್‌ಟಾಪಿನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ನಾಟಕವನ್ನು ಆ ಪದ್ಧತಿಗೆ ತಿರುಗಿಸಲು ಬಿಟ್ಟು ಮಲಗಿದ. ನಾಟಕದಂತೆಯೇ ಅದೂ ರಾತ್ರಿಯೆಲ್ಲ ನಡೆಯಿತು. ಬೆಳಗ್ಗೆ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ತಿನ್ನುತ್ತ ಎಲ್ಲರೂ ಮತ್ತೆ ಕೂತರು. ಗದೆ ಏರಿತು, ಇಳಿಯಿತು. ಮೀಸೆ ತಿರುವಿದ್ದು ಚರಣಕ್ಕೆ ಸರಿಯಾಗಿ ಹೊಂದಿತು. ಕೆಮ್ಮಿದ್ದ ಪಾಂಡವರು ತಮ್ಮ ಸನ್ನಿವೇಶ ಬಂದಾಗ ಯಾರೂ ಮಾತಾಡಬಾರದೆಂದು ಮುಂಚೆಯೇ ಹೇಳಿದರು.

ಮೂರನೇ ಡಿಸ್ಕು ಮಾತ್ರ ಗೀರು ಬಿದ್ದದ್ದು. ಗದಾಯುದ್ಧದ ನಡುವೆ, ಭೀಮ ತೊಡೆಗೆ ಗುರಿಯಿಟ್ಟು ಗದೆ ಬೀಸುವಲ್ಲಿಗೆ ನಿಂತುಹೋಗುತ್ತದೆ. ಆಚೆಗೆ ಏನೂ ಓದಲಿಕ್ಕಾಗುವುದಿಲ್ಲ. ಭೀಮನ ಪಾತ್ರಧಾರಿಯ ಮನೆಯಲ್ಲಿ ಇನ್ನೊಂದು ಪ್ರತಿ ಚೆನ್ನಾಗಿದೆ, ತಂದುಕೊಡುತ್ತೇನೆಂದು ಅವರೇ ಬಹಳ ಒತ್ತಾಯ ಮಾಡಿದರು. ಮೇಷ್ಟ್ರ ಅಣ್ಣ ಒಪ್ಪಲಿಲ್ಲ.

"ಸಾಕು, ಅಷ್ಟೇ ಇರಲಿ ಬಿಡ್ಲಾ" ಎಂದರು. "ನಮ್ಮನೇಲಿ ನಾನು ಸಾಯೋದೇನೂ ಬೇಡ."